ಕಲ್ಪನೆಗೂ ಒಂದು ಊರು ಬೇಕು

ಅದ್ಭುತ ಕಾದಂಬರಿ ಬರೆಯುವವನಿಗೆ ಊರು ಬೇಡ, ಕಾಲ ಬೇಡ, ಅನುಭವವೂ ಬೇಡ. ಕಣ್ಣು ಮುಚ್ಚಿ ಕುಳಿತರೆ ಸಾಕು, ಕಥೆ ತಾನಾಗಿ ಹರಿದು ಬರುತ್ತದೆ ಎಂಬ ನಂಬಿಕೆಯೊಂದು ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಬಲವಾಗಿ ಬೇರೂರಿದೆ. ಸಾಮಾಜಿಕ ಕಾದಂಬರಿಕಾರನು ಲೋಕವನ್ನು ನೋಡಬೇಕು, ಐತಿಹಾಸಿಕ ಕಾದಂಬರಿಕಾರನು ಶಾಸನಗಳನ್ನು ಓದಬೇಕು. ಮಾಯಾಲೋಕವನ್ನು ಕಟ್ಟುವವನಿಗೆ ಮಾತ್ರ ಯಾವ ಸುಂಕವೂ ಇಲ್ಲವೆಂದು ಅವರ ವಾದ. ಈ ಮಾತನ್ನು ನಾನು ಒಪ್ಪಲಾರೆ. ಇಲ್ಲದುದನ್ನು ಇದೆಯೆಂದು ನಂಬಿಸಬೇಕಾದವನು ಇರುವುದನ್ನು ಉಳಿದೆಲ್ಲರಿಗಿಂತ ಚೆನ್ನಾಗಿ ಅರಿತಿರಬೇಕು ಎಂಬುದೇ ನನ್ನ ಪಕ್ಷ.

ಈ ವರ್ಷದ ಸಂಚಿಕೆಗೆ ಬಂದ ಕಥೆಗಳನ್ನು ಓದುವ ಅವಕಾಶ ನನಗೆ ದೊರೆಯಿತು. ಅವುಗಳಲ್ಲಿ ಮೂರು ಅದ್ಭುತ ಕಥೆಗಳು. ಮೂರರಲ್ಲಿಯೂ ಬೆಂಕಿ ಉಗುಳುವ ರೆಕ್ಕೆಯ ಹಾವು, ಕಲ್ಲಿನ ಕೋಟೆ, ಹಿಮ ಮುಚ್ಚಿದ ಕಾಡು. ಬರೆದ ಮೂವರೂ ಹಿಮವನ್ನು ಕಂಡವರಲ್ಲ, ನಾನೂ ಕಂಡವನಲ್ಲ. ಆದ್ದರಿಂದ ಕಥಾನಾಯಕನು ಚಳಿಯಿಂದ ನಡುಗಿದನು ಎಂಬುದರಿಂದಾಚೆಗೆ ಆ ಹಿಮದ ಸುದ್ದಿ ಮುಂದುವರಿಯುವುದಿಲ್ಲ. ಆದರೆ ವೈಶಾಖದ ಮಧ್ಯಾಹ್ನ ಬಾದಾಮಿಯ ಕೆಂಪು ಬಂಡೆಯ ಮೇಲೆ ಬರಿಗಾಲಿಡುವುದೆಂದರೆ ಏನೆಂಬುದು ಆ ಮೂವರಿಗೂ ಗೊತ್ತು. ಅದನ್ನು ಬರೆಯಲು ಅವರಿಗೆ ತೋಚಲಿಲ್ಲ. ಪರದೆಯ ಮೇಲೆ ಕಂಡದ್ದೇ ಕಲ್ಪನೆ, ಕಾಲ ಕೆಳಗಿನದು ಬರಿಯ ವಾಸ್ತವ ಎಂಬ ಭ್ರಮೆ ಎಷ್ಟರ ಮಟ್ಟಿಗೆ ಬೆಳೆದಿದೆ, ನೋಡಿರಿ!

ಪರದೇಶದ ಲೇಖಕರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆಕ್ಸ್‌ಫರ್ಡಿನ ಟೋಲ್ಕಿನ್ ಮಹಾಶಯನು 1954-55ರಲ್ಲಿ ಮೂರು ಸಂಪುಟಗಳಾಗಿ ಹೊರತಂದ ಉಂಗುರದ ಕಥೆಯನ್ನು ಓದಿದವರು ಅದನ್ನು ಮರೆಯುವುದಿಲ್ಲ. ಆದರೆ ಆತನು ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕ. ತನ್ನ ಕುಬ್ಜರ ಹೆಸರುಗಳನ್ನು ಪ್ರಾಚೀನ ನಾರ್ಸ್ ಕಾವ್ಯದಿಂದ ಎತ್ತಿಕೊಂಡವನು. ಕಥೆಗಿಂತ ಮೊದಲು ಭಾಷೆಗಳನ್ನೇ ಕಟ್ಟಿದವನು. ಅವನ ಗೆಳೆಯ ಲೂಯಿಸನಿಗೆ ಹದಿನಾರನೆಯ ವಯಸ್ಸಿನಲ್ಲಿ ಮನಸ್ಸಿನ ಮುಂದೆ ಒಂದು ಚಿತ್ರ ನಿಂತಿತಂತೆ: ಅರ್ಧ ಮನುಷ್ಯ, ಅರ್ಧ ಮೇಕೆಯಾದ ಜೀವಿಯೊಂದು ಛತ್ರಿ ಹಿಡಿದು ಹಿಮದ ಕಾಡಿನಲ್ಲಿ ನಡೆದು ಹೋಗುತ್ತಿರುವುದು. ಆ ಚಿತ್ರವನ್ನು ವರ್ಷಗಟ್ಟಲೆ ಕಾಯ್ದಿಟ್ಟು 1950ರಲ್ಲಿ ಅವನು ಪುಸ್ತಕ ಮಾಡಿದ. ಇಬ್ಬರೂ ತಮ್ಮ ಹಿತ್ತಲಿನ ಬಾವಿಯನ್ನೇ ಸೇದಿದರು. ನಾವು ಅವರ ಕೊಡವನ್ನು ನೋಡಿ ಬೆರಗಾದೆವೇ ಹೊರತು, ನಮ್ಮ ಬಾವಿಗೆ ಹಗ್ಗ ಬಿಡಲಿಲ್ಲ.

ನಮ್ಮ ಆಲಂಕಾರಿಕರು ಈ ವಿಷಯವನ್ನು ಹಿಂದೆಯೇ ವಿಚಾರಿಸಿದ್ದಾರೆ. ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸ ಮೂರೂ ಕೂಡಿ ಕಾರಣವೆಂದು ಮಮ್ಮಟನ ಮತ. ನಿಪುಣತೆ ಬರುವುದು ಲೋಕವನ್ನೂ ಶಾಸ್ತ್ರಗಳನ್ನೂ ಕಾವ್ಯಗಳನ್ನೂ ಪರಿಶೀಲಿಸುವುದರಿಂದ. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ಪಡೆಯುತ್ತೇವೆ, ಅಲ್ಲಿಗೆ ಮುಗಿಯಿತು. ಇದನ್ನೇ ಕಣ್ಣಿಂದ ಕಾಣಬೇಕಾದರೆ ಬಾದಾಮಿಯ ಒಂದನೆಯ ಗುಹೆಗೆ ಹೋಗಬೇಕು. ಹದಿನೆಂಟು ಕೈಗಳ ನಟರಾಜನನ್ನು ನೋಡಿ ಎಲ್ಲರೂ ಚಿತ್ರ ತೆಗೆದುಕೊಂಡು ಹೊರಡುತ್ತಾರೆ. ಅಲ್ಲಿಯೇ ಪ್ರವೇಶದ ಬಳಿ, ದ್ವಾರಪಾಲಕನ ಕೆಳಗೆ, ಆನೆ ಮತ್ತು ಗೂಳಿ ಒಂದೇ ತಲೆಯನ್ನು ಹಂಚಿಕೊಂಡ ಒಂದು ಕೆತ್ತನೆಯಿದೆ. ಒಂದು ಮೈಯನ್ನು ಅಂಗೈಯಿಂದ ಮರೆಮಾಡಿದರೆ ಆನೆ. ಇನ್ನೊಂದನ್ನು ಮರೆಮಾಡಿದರೆ ಗೂಳಿ. ಲೋಕದಲ್ಲಿ ಇಲ್ಲದ ಪ್ರಾಣಿ ಅದು. ಆದರೆ ಆ ಶಿಲ್ಪಿಯು ಗೂಳಿ ಕತ್ತೆತ್ತಿದಾಗ ಆಗುವ ಬಾಗನ್ನೂ ಆನೆ ತಲೆ ತಗ್ಗಿಸಿದಾಗ ಬರುವ ಗೆರೆಯನ್ನೂ ಎಷ್ಟು ದಿನ ನೋಡಿರಬೇಕು! ಸುಮ್ಮನೆ ಕಣ್ಣು ಮುಚ್ಚಿ ಕುಳಿತವನ ಕೈಗೆ ಆ ಎರಡು ಗೆರೆಗಳು ಒಂದೆಡೆ ಕೂಡಿಬರುವಂತಿಲ್ಲ. ಪಕ್ಕದ ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ; ಇದೂ ಆರನೆಯ ಶತಮಾನದ್ದೆಂದೇ ವಿದ್ವಾಂಸರು ಹೇಳುತ್ತಾರೆ. ಅಂದರೆ ಸುಮಾರು 1400 ವರ್ಷಗಳಿಂದ ಈ ಪಾಠ ನಮ್ಮೂರ ಗುಡ್ಡದಲ್ಲಿ ಉಚಿತವಾಗಿ ನಡೆಯುತ್ತಿದೆ. (ಪ್ರವೇಶಕ್ಕೆ ಈಗ ಟಿಕೀಟು ಇದೆ ಎಂಬುದು ಬೇರೆ ಮಾತು.)

ಇನ್ನು ಮಾಯೆಗೂ ಒಂದು ಕಟ್ಟಳೆ ಬೇಕು ಎಂಬುದನ್ನು ವಾತಾಪಿಯ ಕಥೆಯಿಂದ ಕಲಿಯಬಹುದು. ಇಲ್ವಲನು ತಮ್ಮನಾದ ವಾತಾಪಿಯನ್ನು ಟಗರು ಮಾಡಿ, ಕೊಂದು, ಬೇಯಿಸಿ ಅತಿಥಿಗೆ ಬಡಿಸುತ್ತಾನೆ. ಊಟ ಮುಗಿದ ಮೇಲೆ ಹೆಸರು ಹಿಡಿದು ಕೂಗಿದರೆ ವಾತಾಪಿ ಹೊಟ್ಟೆ ಸೀಳಿಕೊಂಡು ಹೊರಗೆ ಬರುತ್ತಾನೆ. ಅಗಸ್ತ್ಯರು ಕತ್ತಿಯನ್ನೂ ಎತ್ತಲಿಲ್ಲ, ಎದುರು ಮಂತ್ರವಾದವನ್ನೂ ಮಾಡಲಿಲ್ಲ, ಉಂಡದ್ದನ್ನು ಅರಗಿಸಿಕೊಂಡರು. ಕೂಗಿದಾಗ ಬರಲು ಅವನು ಇರಲಿಲ್ಲ. ಕಟ್ಟಳೆಯ ಒಳಗಿನಿಂದಲೇ ಮಾಯೆ ಮುರಿಯಿತು. ನಮ್ಮ ಮಿತ್ರರ ಕಥೆಗಳಲ್ಲಿಯಾದರೋ ನಾಯಕನು ಇಕ್ಕಟ್ಟಿಗೆ ಸಿಕ್ಕೊಡನೆ ಹಿಂದೆಂದೂ ಹೇಳದ ಹೊಸ ಮಂತ್ರವೊಂದು ಅವನ ಬಾಯಿಗೆ ಬರುತ್ತದೆ. ಹಾಗಾದರೆ ಓದುಗನು ಅವನಿಗಾಗಿ ಏಕೆ ಹೆದರಬೇಕು?

ಅದ್ಭುತವು ಹುಟ್ಟುವುದು ಕೊರತೆಯಲ್ಲಿ ಎಂದೂ ನನಗೆ ತೋರುತ್ತದೆ. ಬನಶಂಕರಿಯನ್ನು ಶಾಕಂಭರಿ ಎನ್ನುತ್ತೇವೆ. ನೂರು ವರ್ಷ ಮಳೆಯಿಲ್ಲದಾಗ ದೇವಿಯು ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಲೋಕವನ್ನು ಸಲಹಿದಳೆಂದು ಪುರಾಣ. ಭಕ್ತಿಯ ಮಾತು ಒತ್ತಟ್ಟಿಗಿರಲಿ; ಕಲ್ಪನೆಯೆಂದೇ ನೋಡಿದರೂ ಎಂಥ ಚಿತ್ರವಿದು! ಈ ಕಥೆ ಬಹು ಹಳೆಯದು, ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ಆದರೆ 1876-77ರ ಬರವು ಅಂದಿನ ಕಲಾದಗಿ ಜಿಲ್ಲೆಯನ್ನು, ಬಾದಾಮಿಯೂ ಸೇರಿ, ಹಿಂಡಿ ಹಾಕಿದಾಗ ಇಲ್ಲಿಯ ಜನ ಅದನ್ನು ಎಂಥ ಕಿವಿಯಿಂದ ಕೇಳಿರಬೇಕು? ಬನದ ಹುಣ್ಣಿಮೆಯ ರಥೋತ್ಸವಕ್ಕೆ ಮುನ್ನ ಪಲ್ಯದ ಹಬ್ಬದಲ್ಲಿ 108 ಬಗೆಯ ಪಲ್ಯಗಳ ನೈವೇದ್ಯ ನಡೆಯುತ್ತದೆ. ಹಸಿದವರ ನಾಡಿನಲ್ಲಿ ದೇವಿಯ ಮೈ ಹೊಲವಾಯಿತು; ಹೊಟ್ಟೆ ತುಂಬಿದವನಿಗೆ ಈ ಕಲ್ಪನೆ ಹೊಳೆಯುತ್ತಿರಲಿಲ್ಲ.

ಕನ್ನಡದಲ್ಲಿ ಈ ದಾರಿಯನ್ನು ಹಿಡಿದವರು ಇಲ್ಲದಿಲ್ಲ. ಚಂದ್ರಶೇಖರ ಕಂಬಾರರು ಹುಟ್ಟಿದ್ದು 1937ರಲ್ಲಿ, ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ. ಬಯಲಾಟ, ಲಾವಣಿ, ಅಜ್ಜಿಕಥೆಗಳು ಕಿವಿಗೆ ಬೀಳುವಂಥ ನಾಡು ಅದು. ಅಲ್ಲಿಂದ ಅವರು ಶಿವಾಪುರವೆಂಬ ಊರನ್ನು ಕಟ್ಟಿದರು. ನಕಾಶೆಯಲ್ಲಿ ಅವರ ಶಿವಾಪುರ ಇಲ್ಲ. ಆದರೆ ಅದರ ಓಣಿಗಳಲ್ಲಿ ನಾವು ದಾರಿ ತಪ್ಪುವುದಿಲ್ಲ. 1975ರ ‘ಕರಿಮಾಯಿ’ಯಿಂದ ‘ಶಿಖರಸೂರ್ಯ’ದವರೆಗೆ ಆ ಲೋಕ ಹಬ್ಬಿದೆ. ಕಾರಂತರು 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ, ಕೈಗೆ ಸಿಕ್ಕಿದ ವಸ್ತುವನ್ನು ಮುಟ್ಟಿದೊಡನೆ ಅದರ ಹಿಂದಿನ ಕಾಲವನ್ನು ಕಾಣುವ ಮುದುಕಿಯನ್ನು ತಂದರು. ಪರದೆಯ ಮಂತ್ರದಂಡಕ್ಕಿಂತ ನನಗೆ ಆ ಮುದುಕಿಯ ಬೆರಳು ಹೆಚ್ಚು. ನಾಗ ಮನುಷ್ಯನಾಗಿ ಬರುವ ಜನಪದ ಕಥೆಯಿಂದಲಂತೂ ಎರಡು ನಾಟಕಗಳು ಬಂದವು: ಕಂಬಾರರ ‘ಸಿರಿಸಂಪಿಗೆ’, ಕಾರ್ನಾಡರ ‘ನಾಗಮಂಡಲ’. ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದಿಲ್ಲ. ಕಾರ್ನಾಡರಿಗೆ ಆ ಕಥೆ ಸಿಕ್ಕಿದ್ದು ಎ. ಕೆ. ರಾಮಾನುಜನ್ನರಿಂದ, ರಾಮಾನುಜನ್ನರು 1950ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದವರು, ನಮ್ಮ ಕಡೆಯ ಕಥೆಗಳನ್ನು ಕೇಳಿ ಬರೆದುಕೊಂಡವರು. ಒಬ್ಬ ಮೇಷ್ಟ್ರು ಕಿವಿಗೊಟ್ಟು ಕುಳಿತದ್ದರ ಫಲ ಎಲ್ಲಿಗೆ ಮುಟ್ಟಿತೆಂಬುದನ್ನು ವಾಚಕರು ವಿಚಾರಿಸಬೇಕು.

ಕಲ್ಪನೆಯನ್ನು ಸಾಕುವ ಬಗೆ ಹೇಗೆಂದು ಕೇಳಿದರೆ, ಜಾತ್ರೆಗೆ ಹೋಗಿರಿ ಎನ್ನುತ್ತೇನೆ. ಆದರೆ ಮಿಠಾಯಿ ತಿಂದು ನಾಟಕ ನೋಡಿ ಮರಳುವುದಕ್ಕಲ್ಲ. ಬನಶಂಕರಿ ಜಾತ್ರೆಯಲ್ಲಿ ಕಟ್ಟಿಗೆಯ ಬಾಗಿಲು, ಚೌಕಟ್ಟುಗಳನ್ನು ಮಾರಲಿಕ್ಕೆ ನಿಲ್ಲಿಸಿರುತ್ತಾರಲ್ಲ, ಅಲ್ಲಿ ಒಂದು ಗಳಿಗೆ ನಿಂತು ನೋಡಿರಿ. ಮನೆಯಿಲ್ಲ, ಗೋಡೆಯಿಲ್ಲ, ಬಯಲಿನಲ್ಲಿ ಬಾಗಿಲುಗಳು ಸಾಲಾಗಿ ನಿಂತಿವೆ. ಲೂಯಿಸನ ಮಕ್ಕಳು ಬಟ್ಟೆಯ ಕಪಾಟನ್ನು ದಾಟಿ ಬೇರೊಂದು ಲೋಕಕ್ಕೆ ಹೋದರು. ನಮ್ಮ ಎದುರಿಗೆ ಇಷ್ಟೊಂದು ಬಾಗಿಲುಗಳಿದ್ದರೂ ಒಬ್ಬನೂ ಒಳಗೆ ಇಣುಕಿಲ್ಲ! ದರ ಕೇಳಿ ಮುಂದೆ ಹೋಗುತ್ತೇವೆ. ಇನ್ನು ರಾತ್ರಿಯ ಕಂಪನಿ ನಾಟಕಗಳ ವಿಷಯದಲ್ಲಿ ನಾನು ಹೆಚ್ಚು ಹೇಳಲಾರೆ. ಈಗೀಗ ಅಲ್ಲಿ ದ್ವಂದ್ವಾರ್ಥದ ಮಾತಿಗೆ ಬೀಳುವ ಚಪ್ಪಾಳೆ ಬೇರೆ ಯಾವುದಕ್ಕೂ ಬೀಳುವುದಿಲ್ಲ.

ಆದರೆ ಜಾತ್ರೆ ಮರುವರ್ಷವೂ ಬರುತ್ತದೆ, ಗುಹೆಯೂ ಎಲ್ಲಿಗೂ ಹೋಗುವುದಿಲ್ಲ. ಕಥೆ ಬಲ್ಲ ಮುದುಕಿಯರು ಹಾಗಲ್ಲ. ನಮ್ಮ ಆಯಿಗೆ ಎಂಬತ್ತು ದಾಟಿದೆ. ಅವಳು ಹೇಳಿದ ನಾಲ್ಕು ಕಥೆಗಳನ್ನು ಬರೆದುಕೊಂಡಿದ್ದೇನೆ. ಐದನೆಯದರಲ್ಲಿ, ಸೊಸೆಯೊಬ್ಬಳು ನಡುರಾತ್ರಿ ನೀರಿಗೆ ಹೋದಾಗ ಹೊಂಡದ ತಳದಲ್ಲಿ ದೀಪ ಉರಿಯುವುದನ್ನೂ ಅಲ್ಲಿ ಯಾರೋ ರೊಟ್ಟಿ ಬಡಿಯುವ ಸಪ್ಪಳವನ್ನೂ ಕೇಳಿ ಮೆಟ್ಟಿಲಿಳಿಯುತ್ತಾಳೆ. ಆಯಿ ಅಲ್ಲಿಗೆ ನಿಲ್ಲಿಸಿದಳು. “ನಡುವಿಂದು ಮರ್ತೀನೋ ತಮ್ಮಾ, ನಮ್ಮವ್ವಗ ಗೊತ್ತಿತ್ತು” ಎಂದಳು. ಕೊನೆಗೆ ಸೊಸೆ ಬೆಳಗಿನ ಜಾವ ತುಂಬಿದ ಕೊಡ ಹೊತ್ತು ಮನೆಗೆ ಬಂದಾಗ ಅತ್ತೆಯ ತಲೆ ನರೆತು ಬೆಳ್ಳಗಾಗಿತ್ತಂತೆ. ಇದು ಮಾತ್ರ ಆಯಿಗೆ ನೆನಪಿದೆ.

ಕನ್ನಡ ವಿಭಾಗದಲ್ಲಿ ಒಂದು ದಪ್ಪ ಪುಸ್ತಕವನ್ನಿಟ್ಟು, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಒಂದು ಕಥೆಯನ್ನು, ಹೇಳಿದವರ ಹೆಸರು, ಊರು, ವರ್ಷ ಸಹಿತ, ಹೇಳಿದ ಮಾತಿನಲ್ಲಿಯೇ ಬರೆಯಬೇಕೆಂದು ನನ್ನ ಸೂಚನೆ. ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಒಬ್ಬ ಮಿತ್ರರು ಕೇಳಿದರು, ಬರುವುದಿಲ್ಲ. ಮೊದಲ ಪುಟಗಳಲ್ಲಿ ಆಯಿಯ ಐದನೆಯ ಕಥೆಯನ್ನು, ನಡುವಿಗೆ ಎರಡು ಪುಟ ಖಾಲಿ ಬಿಟ್ಟು, ಬರೆದುಕೊಡಲು ನಾನು ಸಿದ್ಧನಿದ್ದೇನೆ. ಕೆಂದೂರು, ನಂದಿಕೇಶ್ವರ, ಗುಳೇದಗುಡ್ಡ, ಪಟ್ಟದಕಲ್ಲುಗಳಿಂದ ಬರುವ ಮಿತ್ರರಲ್ಲಿ ಯಾರ ಮನೆಯಲ್ಲಾದರೂ ಆ ನಡುವಿನ ಭಾಗ ಉಳಿದಿದ್ದರೆ ದಯವಿಟ್ಟು ತಿಳಿಸಬೇಕು.