ಮೋಟರ್ ಬದಲಿಸುವ ಮುನ್ನ ಅಚ್ಚು ನೋಡಿ

ವಿಜ್ಞಾನ ಪ್ರದರ್ಶನಕ್ಕೆ ಮಾಡಿದ ಪುಟ್ಟ ಕಾರು ಓಡದಿದ್ದರೆ ನಮ್ಮವರು ಮೊದಲು ಇನ್ನೊಂದು ಬ್ಯಾಟರಿ ಕೂರಿಸುತ್ತಾರೆ. ನನಗಿದು ಸರಿ ಕಾಣುವುದಿಲ್ಲ. ಭಾರ ಹೆಚ್ಚಿದರೆ ಅಚ್ಚಿನ ಘರ್ಷಣೆಯೂ ಹೆಚ್ಚುತ್ತದೆ. ಪ್ರಥಮ ಪಿಯುಸಿಯಲ್ಲಿ ಓದಿದ್ದು ಇದನ್ನೇ ಅಲ್ಲವೇ?

4 ಮಿ.ಮೀ. ಬಿದಿರು ಕಡ್ಡಿಯ ಬದಲು 2 ಮಿ.ಮೀ. ಸೈಕಲ್ ಸ್ಪೋಕ್ ಹಾಕಿ. ಘರ್ಷಣೆಯ ಬಲ ಅಷ್ಟೇ ಇದ್ದರೂ ಚಕ್ರವನ್ನು ತಡೆಯುವ ಟಾರ್ಕ್ ಅರ್ಧಕ್ಕಿಳಿಯುತ್ತದೆ. ಸ್ಪೋಕ್ ಸಡಿಲವಾಗಿ ತಿರುಗುವಂತೆ ಪ್ಲಾಸ್ಟಿಕ್ ಕೊಳವೆಯೊಂದಿರಲಿ. ಚಕ್ರ ಕಾರಿನ ಮೈಗೆ ಉಜ್ಜದಂತೆ ನಡುವೆ ಒಂದು ಮಣಿ ಪೋಣಿಸಿ. ಎರಡೂ ಅಚ್ಚುಗಳು ಸಮಾನಾಂತರವಾಗಿರಬೇಕು, ಇಲ್ಲವಾದರೆ ಉಳಿದದ್ದೆಲ್ಲ ವ್ಯರ್ಥ. ಎಣ್ಣೆಗೆ ಧೂಳು ಅಂಟುತ್ತದೆ. ಪೆನ್ಸಿಲ್ ಸೀಸದ ಪುಡಿ ಸಾಕು. (ಕೈ ಕಪ್ಪಾಗುತ್ತದೆ, ಅಷ್ಟೇ.)

ಇದಕ್ಕೆಲ್ಲ ಹೆಚ್ಚು ದುಡ್ಡು ಬೇಡ. ಆದರೆ ಬಹುಮಾನ ಮಾತ್ರ ದುಬಾರಿ ಮೋಟರಿಗೇ ಹೋಗುತ್ತದೆ. ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಈ ವರ್ಷ ಮೊದಲ ಸುತ್ತಿನಲ್ಲಿ ಎಲ್ಲ ಕಾರುಗಳ ಮೋಟರ್ ಬಿಚ್ಚಿಸಿ, ಒಂದೇ ಇಳಿಜಾರು ಹಲಗೆಯಿಂದ ಬಿಡಿಸಿ. ಯಾವುದು ದೂರ ಉರುಳುತ್ತದೋ ಅದಕ್ಕೆ ಅಂಕ ಕೊಡಿ. ಹಲಗೆ ಹೇಗೂ ಲ್ಯಾಬಿನಲ್ಲೇ ಇದೆ.