ಓದದೆ ಸಹಿ ಹಾಕುವ ಜಿಲ್ಲೆ

2020ರ ಜುಲೈ 29ರಂದು ರಾಷ್ಟ್ರೀಯ ಶಿಕ್ಷಣ ನೀತಿಗೆ ಒಪ್ಪಿಗೆ ಕೊಟ್ಟಾಗ ಕೇಂದ್ರ ಸರ್ಕಾರ ಒಂದು ಲೆಕ್ಕ ಹೇಳಿತು. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿ, 6,600 ಬ್ಲಾಕು, 6,000 ನಗರ ಸ್ಥಳೀಯ ಸಂಸ್ಥೆ, 676 ಜಿಲ್ಲೆಗಳಿಂದ ಎರಡು ಲಕ್ಷದಷ್ಟು ಸಲಹೆಗಳು ಬಂದಿವೆ ಎಂದಿತು. ಭಾಗಿಸಿ ನೋಡಿದರೆ ಪಂಚಾಯಿತಿಗೆ ಒಂದು ಸಲಹೆಯೂ ಬೀಳುವುದಿಲ್ಲ. ಔರಾದ ತಾಲ್ಲೂಕಿನ ಯಾವ ಪಂಚಾಯಿತಿ ಕಟ್ಟೆಯ ಮೇಲೆ ಯಾರು ಕೂತು ಏನು ಬರೆದು ಕಳಿಸಿದರು ಎಂದು ಬೀದರ್ ಜಿಲ್ಲೆಯ ಓದುಬಲ್ಲ ಜನ ಕೇಳಿದ್ದುಂಟೆ? ಭಾಲ್ಕಿಯ ಮಗುವಿನ ವಿಜ್ಞಾನ ಪಾಠ ಹೇಗಿರಬೇಕೆಂಬುದು ನಮ್ಮ ಹೆಸರಿನಲ್ಲೇ ತೀರ್ಮಾನವಾಯಿತು. ನಮಗೆ ಅದರ ಗೊಡವೆಯೇ ಇರಲಿಲ್ಲ.

ಶಿಕ್ಷಣಕ್ಕೆ ದಾರಿ ಹೇಳಿದ ಸಮಿತಿಗಳಲ್ಲಿ ದೊಡ್ಡವರು ಇರಲಿಲ್ಲವೆಂದು ಹೇಳಲಾಗದು. ಭೌತವಿಜ್ಞಾನಿ ಡಿ.ಎಸ್. ಕೊಠಾರಿ ನೇತೃತ್ವದ ಆಯೋಗ 1966ರಲ್ಲೇ ಹತ್ತನೇ ತರಗತಿವರೆಗೆ ಪ್ರತಿ ಮಗುವಿಗೂ ವಿಜ್ಞಾನ, ಗಣಿತ ಕಡ್ಡಾಯವಾಗಲಿ ಎಂದಿತು. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ತೆಗೆದಿಡಿ ಎಂದಿತು. ಐವತ್ತನಾಲ್ಕು ವರ್ಷ ಕಳೆದ ಮೇಲೆ, ಇಸ್ರೋ ಅಧ್ಯಕ್ಷರಾಗಿದ್ದ ಕೆ. ಕಸ್ತೂರಿರಂಗನ್ ಸಮಿತಿಯ ಕರಡಿನಿಂದ ಹುಟ್ಟಿದ ನೀತಿಯಲ್ಲೂ ಅದೇ ಶೇ 6 ಮತ್ತೆ ಬಂತು. ಒಂದೇ ಮಾತನ್ನು ಅರ್ಧ ಶತಮಾನ ಬರೆಸಿಕೊಂಡ ಸರ್ಕಾರಗಳಿಗೆ ನಾಚಿಕೆಯಾಗಬೇಕಿತ್ತು. ಪ್ರತಿ ಸಲವೂ ಹೊಸದೆಂಬಂತೆ ಚಪ್ಪಾಳೆ ತಟ್ಟಿದವರು ನಾವು.

ರಾಜ್ಯದ ಕತೆಯೂ ಬೇರೆಯಲ್ಲ. 2021ರಲ್ಲಿ ಆ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿದೆವೆಂದು ಕರ್ನಾಟಕ ಬೀಗಿತು. 2023ರಲ್ಲಿ ಸುಖದೇವ್ ಥೋರಟ್ ನೇತೃತ್ವದಲ್ಲಿ ರಾಜ್ಯದ್ದೇ ಶಿಕ್ಷಣ ನೀತಿ ಆಯೋಗ ಬಂತು. ರಾಷ್ಟ್ರೀಯ ನೀತಿಯಂತೆ ಬಂದಿದ್ದ ನಾಲ್ಕು ವರ್ಷದ ಪದವಿ 2024ರಲ್ಲಿ ಮರಳಿ ಮೂರು ವರ್ಷವಾಯಿತು. ಈ ಎಳೆದಾಟದಲ್ಲಿ ಭಾಲ್ಕಿಯ ಬಿ.ಎಸ್‌ಸಿ. ಹುಡುಗಿ ಮತ್ತು ಅವಳ ತಮ್ಮ ಎರಡು ಬೇರೆ ಬೇರೆ ಪಠ್ಯಕ್ರಮ ಓದಬೇಕಾಯಿತು. ಯಾಕೆ ಬದಲಾಯಿತೆಂದು ಇಬ್ಬರಿಗೂ ತಿಳಿಹೇಳಿದವರಿಲ್ಲ.

ಔರಾದಕ್ಕಂತೂ ವರದಿ ಹೊಸದಲ್ಲ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ಅದನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅಭಿವೃದ್ಧಿ ಮಂಡಳಿ ಬಂತು, ಅನುದಾನ ಬಂತು. 2024ರಲ್ಲಿ ಪ್ರಾದೇಶಿಕ ಅಸಮಾನತೆ ಅಳೆಯಲು ಎಂ. ಗೋವಿಂದ ರಾವ್ ನೇತೃತ್ವದಲ್ಲಿ ಇನ್ನೊಂದು ಸಮಿತಿಯೂ ಆಯಿತು. ‘ಹಿಂದುಳಿದವರು’ ಎಂಬ ಮಾತು ನಮ್ಮ ಪುಢಾರಿಗಳಿಗೆ ಅನುದಾನ ಕೇಳುವ ಅರ್ಜಿಯಾಗಿದೆ, ಅಧಿಕಾರಿಗಳಿಗೆ ಕೆಲಸ ಮಾಡದಿರಲು ನೆಪವಾಗಿದೆ, ನಮಗೆ ಒರಗಿ ಕೂರುವ ಗೋಡೆಯಾಗಿದೆ.

ಆದರೆ ನನ್ನ ಸಿಟ್ಟು ಹೆಚ್ಚು ಹರಿಯುವುದು ದೆಹಲಿ, ಬೆಂಗಳೂರಿನ ಕಡೆಗಲ್ಲ, ನಮ್ಮ ಊರುಗಳ ಕಡೆಗೇ. 1974ರ ಪೋಖ್ರಾನ್ ಅಣು ಪರೀಕ್ಷೆಯ ಹಿಂದಿದ್ದ ವಿಜ್ಞಾನಿ ರಾಜಾ ರಾಮಣ್ಣ ಕರ್ನಾಟಕದ ಶಿಕ್ಷಣ ಕಾರ್ಯಪಡೆಯ ಮುಖ್ಯಸ್ಥರಾಗಿದ್ದರು. ಅವರ ಶಿಫಾರಸಿನಂತೆ 2001ರಲ್ಲಿ ಊರೂರಿನ ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ, ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಶಾಲೆಯ ಅಭಿವೃದ್ಧಿ ಯೋಜನೆಯನ್ನು ಅದೇ ಬರೆಯಬೇಕು ಎಂದಿತು. ದೇಶದ ಸಲಹಾ ಸಮಿತಿಗಳ ಸಾಲಿನಲ್ಲಿ ಕಟ್ಟಕಡೆಯದು ನಿಮ್ಮೂರಿನದು. ಅಲ್ಲಿಗೆ ಹೋಗಲು ರೈಲು ಹತ್ತಬೇಕಿಲ್ಲ, ಇಂಗ್ಲಿಷ್ ಬರಬೇಕಿಲ್ಲ.

ಅದನ್ನು ಏನು ಮಾಡಿದ್ದೀರಿ? ಔರಾದ ಕಡೆಯ ಒಂದು ಶಾಲೆಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಹೆಡ್‌ಮಾಸ್ತರರ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಸೂಕ್ಷ್ಮದರ್ಶಕವೊಂದಿತ್ತು, ಥರ್ಮೋಕೋಲ್ ಅಚ್ಚಿನೊಳಗೆ, ಬಂದ ಹಾಗೆಯೇ. ಪಕ್ಕದಲ್ಲಿ ಥಂಡಿ ಹಿಡಿದು ಒಂದಕ್ಕೊಂದು ಅಂಟಿಕೊಂಡ ಲಿಟ್ಮಸ್ ಕಾಗದದ ಕಟ್ಟು. ಹುಡುಗರು ಒಡೆದರೆ ಲೆಕ್ಕ ಕೊಡುವವರ್ಯಾರು ಎಂದು ಬೀಗ. ನಡವಳಿ ಪುಸ್ತಕದಲ್ಲಿ ಪ್ರತಿ ತಿಂಗಳ ಸಭೆಯೂ ಒಂದೇ ಕೈಬರಹದಲ್ಲಿತ್ತು, ಒಂದೇ ಒಕ್ಕಣೆಯಲ್ಲಿತ್ತು: ‘ಹಿಂದಿನ ಸಭೆಯ ನಡವಳಿಯನ್ನು ಓದಿ ಒಪ್ಪಲಾಯಿತು’. ಕೆಳಗೆ ಸಹಿಗಳು, ಹೆಬ್ಬೆಟ್ಟುಗಳು. ಹೊಲಕ್ಕೆ ಹೊರಟ ತಾಯಂದಿರನ್ನು ದಾರಿಯಲ್ಲಿ ನಿಲ್ಲಿಸಿ ಒತ್ತಿಸಿಕೊಂಡವು ಅವು. ಆ ತಾಯಂದಿರನ್ನು ನಾನು ದೂರುವುದಿಲ್ಲ. ಓದು ಬಂದೂ ಓದದೆ ಸಹಿ ಹಾಕಿದ ಅಧ್ಯಕ್ಷರನ್ನು ದೂರುತ್ತೇನೆ. ಪುಸ್ತಕ ತಿರುವಿ, ‘ಪರಿಶೀಲಿಸಿದೆ’ ಎಂದು ಷರಾ ಬರೆದು ಜೀಪು ಹತ್ತಿದ ಅಧಿಕಾರಿಯನ್ನು ದೂರುತ್ತೇನೆ.

ಬೀದರ್ ನಗರದ ಸಮಾಧಾನ ಇನ್ನೊಂದು ಬಗೆಯದು. ಇಲ್ಲಿ ವಿಜ್ಞಾನವೆಂದರೆ ನೀಟ್. ಸೀಟು ಬಂದ ಮಕ್ಕಳ ಫೋಟೊಗಳ ಫ್ಲೆಕ್ಸ್ ಕಂಡು ನಮ್ಮ ಜಿಲ್ಲೆ ಮುಂದೆ ಬಂತು ಎನ್ನುತ್ತೇವೆ. ಆ ಮಕ್ಕಳ ದುಡಿಮೆಯನ್ನು ಗೌರವಿಸುತ್ತೇನೆ. ಆದರೆ ಪಿಪೆಟ್ ಮುಟ್ಟದೆ, ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕ ನಕಲು ಮಾಡಿ, ಮೂವತ್ತಕ್ಕೆ ಮೂವತ್ತು ಪ್ರಾಕ್ಟಿಕಲ್ ಅಂಕ ಪಡೆಯುವುದನ್ನು ಪಾಲಕರು, ಉಪನ್ಯಾಸಕರು, ಆಡಳಿತ ಮಂಡಳಿ ಎಲ್ಲರೂ ಸೇರಿ ಒಪ್ಪಿಕೊಂಡಿದ್ದೀರಿ. ಅದು ಸುಳ್ಳು. ಹದಿನೇಳರ ಮಕ್ಕಳಿಗೆ ಸುಳ್ಳನ್ನು ಪ್ರಮಾಣಪತ್ರ ಸಮೇತ ಕಲಿಸುತ್ತಿದ್ದೀರಿ.

ವಿಶ್ವವಿದ್ಯಾಲಯದ ವಿಷಯದಲ್ಲೂ ಇದೇ ಆಯಿತು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಲು ಒಲವು ತೋರಿ ಬೀದರಿನದನ್ನು ಮಾತ್ರ ಉಳಿಸಬಹುದೆಂದಾಗ, ಸದ್ಯ ನಮ್ಮದು ಉಳಿಯಿತು ಎಂದು ಉಸಿರುಬಿಟ್ಟೆವು. ಉಳಿದ ಮೇಲೆ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿ ಕ್ಯಾಂಪಸ್ಸಿನಲ್ಲಿ ಕಾಯಂ ಪ್ರಾಧ್ಯಾಪಕರೆಷ್ಟು, ಪ್ರಯೋಗಾಲಯದಲ್ಲಿ ಏನಿದೆ ಎಂದು ಪಟ್ಟು ಹಿಡಿದು ಕೇಳಬೇಕಾದ ಹಳೆಯ ವಿದ್ಯಾರ್ಥಿಗಳು, ವಕೀಲರು, ವೈದ್ಯರು, ಪತ್ರಕರ್ತರು ಮನೆಯಲ್ಲೇ ಕುಳಿತರು.

ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಆಳುವವರು ಬೇಡವೆಂದದ್ದನ್ನು ಮಕ್ಕಳಿಗಾಗಿ ಮಾಡಿದ ನೆಲ ಇದು. ಈಗ ಆಳುವವರೇ ಕಾಯ್ದೆ ಬರೆದು ಅಧಿಕಾರವನ್ನು ಕೈಗಿತ್ತಿದ್ದಾರೆ. ಹಿಡಿಯಲು ನಮಗೆ ಆಲಸ್ಯ.

ಈ ತಿಂಗಳ ಎಸ್‌ಡಿಎಂಸಿ ಸಭೆಗೆ ಹೋಗಿ. ನಡವಳಿಯನ್ನು ಗಟ್ಟಿಯಾಗಿ ಓದಿಸಿ. ಮರಾಠಿ, ತೆಲುಗು, ಉರ್ದು ಮನೆಮಾತಿನ ತಾಯಂದಿರಿಗೆ ಅವರ ಮಾತಿನಲ್ಲಿ ಹೇಳಿಸಿ. ವಿಜ್ಞಾನ ಶಿಕ್ಷಕರ ಹುದ್ದೆ ಎಂದಿನಿಂದ ಖಾಲಿ ಇದೆ ಎಂದು ದಿನಾಂಕ ಸಮೇತ ಠರಾವು ಬರೆಸಿ, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬೀರುವಿನ ಬೀಗ ತೆಗೆಸಿ ಸೂಕ್ಷ್ಮದರ್ಶಕವನ್ನು ಏಳನೇ ತರಗತಿಯ ಮೇಜಿನ ಮೇಲೆ ಇಡಿಸಿ. ಅದೆಲ್ಲ ಆಗುವವರೆಗೆ ಸಹಿ ಹಾಕಬೇಡಿ.