ಇಲಿಗಳ ಪಾತ್ರಕ್ಕೆ ಎಷ್ಟು ಮಕ್ಕಳಿದ್ದರೂ ಸಾಲದು

ಏಪ್ರಿಲ್ ಬಂತೆಂದರೆ ನಮ್ಮ ಕಾಲೇಜಿನ ಗೇಟಿನಿಂದ ಬಸ್‌ಸ್ಟ್ಯಾಂಡಿನವರೆಗೂ ಲೈಟುಕಂಬಗಳಲ್ಲಿ ಬೇಸಿಗೆ ಶಿಬಿರದ ಬೋರ್ಡುಗಳು ನೇತಾಡುತ್ತವೆ. ರೋಬೋಟಿಕ್ಸ್, ಅಬ್ಯಾಕಸ್, ಕೋಡಿಂಗ್, ವೇದಗಣಿತ. ಕೊನೆಯ ಸಾಲಲ್ಲಿ ನಾಟಕ, ಅದರ ಪಕ್ಕ ‘ಸ್ಟೇಜ್ ಫಿಯರ್ ಹೋಗಲಾಡಿಸಲು’ ಅಂತ ಒಂದು ವಿವರಣೆ. ನಾಟಕ ಅನ್ನೋದು ಕೆಮ್ಮಿನ ಸಿರಪ್ಪು ಇದ್ದ ಹಾಗೆ. ಮೂರು ವಾರ ಕುಡಿಸಿದರೆ ಮಗು ಮೈಕಿನ ಮುಂದೆ ಗಟ್ಟಿಯಾಗಿ ಮಾತಾಡುತ್ತೆ.

ಮುಂದಿನ ರಾಜ್ಯೋತ್ಸವದ ದುಡ್ಡನ್ನು ಯಾವುದಕ್ಕೆ ಖರ್ಚು ಮಾಡಬೇಕು ಅನ್ನೋ ಚರ್ಚೆ ಸಂಘದಲ್ಲಿ ನಡೀತಿದೆ. ಯಥಾಪ್ರಕಾರ ಆರ್ಕೆಸ್ಟ್ರಾ ತರಿಸೋಣ ಅನ್ನೋರು ಒಂದು ಕಡೆ. ಕ್ಯಾಂಪಸ್ಸಿನ ಒಳಗೂ ಸುತ್ತಲೂ ಇರುವ ಮಕ್ಕಳಿಂದ ಒಂದು ನಾಟಕ ಮಾಡಿಸೋಣ ಅನ್ನೋರು ಇನ್ನೊಂದು ಕಡೆ. ನಾವು ಎರಡನೇ ಕಡೆಯವರು. ಆದರೆ ನಮ್ಮ ಕಡೆಯ ಕೆಲವರೇ ಆ ಬೋರ್ಡಿನ ಭಾಷೆಯಲ್ಲಿ ವಾದ ಮಾಡ್ತಿದ್ದಾರೆ: ಕಾನ್ಫಿಡೆನ್ಸ್ ಬರುತ್ತೆ, ಪರ್ಸನಾಲಿಟಿ ಡೆವಲಪ್ ಆಗುತ್ತೆ, ಮುಂದೆ ಇಂಟರ್‌ವ್ಯೂಗೆ ಅನುಕೂಲ. ಎಂಟು ವರ್ಷದ ಹುಡುಗಿಯ ಇಂಟರ್‌ವ್ಯೂ ಬಗ್ಗೆ ಈಗಲೇ ಯಾಕಪ್ಪಾ ತಲೆಬಿಸಿ?

ಪ್ಲೇಸ್‌ಮೆಂಟ್ ಟ್ರೈನಿಂಗಿನಲ್ಲಿ ನಮ್ಮನ್ನು ವೃತ್ತಾಕಾರವಾಗಿ ನಿಲ್ಲಿಸಿ, ಇಲ್ಲದ ಚೆಂಡನ್ನು ಇದೆ ಅಂದುಕೊಂಡು ಒಬ್ಬರಿಂದ ಒಬ್ಬರಿಗೆ ಎಸೆಸ್ತಾರಲ್ಲ, ಎದುರಿಗಿರುವವರ ಕನ್ನಡಿ ಆಗಿ ಅಂತಾರಲ್ಲ, ಆ ಆಟಗಳ ಹಿಂದೆ ವಯೋಲಾ ಸ್ಪೋಲಿನ್ ಎಂಬಾಕೆಯ ಕೆಲಸ ಇದೆ. 1930ರ ದಶಕದ ಕೊನೆಯಲ್ಲಿ ಆಕೆ ಶಿಕಾಗೋ ನಗರದಲ್ಲಿ ವಲಸಿಗರ ಮತ್ತು ಮಕ್ಕಳ ಜೊತೆ ನಾಟಕ ಮಾಡಿಸುತ್ತಿದ್ದರು. ಬೇರೆ ಬೇರೆ ದೇಶದಿಂದ ಬಂದ ಮನೆಗಳು, ಬೇರೆ ಬೇರೆ ಮನೆಮಾತು. ಹೀಗೆ ನಟಿಸು ಅಂತ ಪಾಠ ಹೇಳಿದರೆ ಕೆಲಸ ಆಗದು ಅಂತ ಆಕೆ ಅದನ್ನೆಲ್ಲ ಆಟಗಳಾಗಿ ಮಾಡಿದರು. 1963ರಲ್ಲಿ ಪುಸ್ತಕವಾಗಿಯೂ ಬಂತು. ಬೀದಿಯ ಮಕ್ಕಳು ಒಂದಾಗಿ ಆಡಲಿ ಅಂತ ಕಟ್ಟಿದ್ದು ಈಗ ಎಚ್‌ಆರ್‌ನವರ ಐಸ್‌ಬ್ರೇಕರ್. ಅದನ್ನು ಮಕ್ಕಳಿಗೇ ವಾಪಸ್ ಕೊಡೋಣ ಅನ್ನೋದು ನಮ್ಮ ಮಾತು.

‘ಪ್ರೂಫ್ ಏನು?’ ಅಂತ ಕೇಳದೆ ನಮ್ಮ ಕಾಲೇಜಲ್ಲಿ ಯಾರೂ ಟೀ ಕೂಡ ಕುಡಿಯಲ್ಲ, ಹಾಗಾಗಿ ಇದನ್ನೂ ಹೇಳ್ತೀವಿ. ಟೊರಾಂಟೊ ವಿಶ್ವವಿದ್ಯಾಲಯದ ಗ್ಲೆನ್ ಶೆಲೆನ್‌ಬರ್ಗ್ 2004ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರು ವರ್ಷದ 144 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿ, ಒಂದಕ್ಕೆ ಕೀಬೋರ್ಡ್, ಒಂದಕ್ಕೆ ಹಾಡುಗಾರಿಕೆ, ಒಂದಕ್ಕೆ ನಾಟಕ ಕಲಿಸಿದರು. ನಾಲ್ಕನೆಯದಕ್ಕೆ ಏನೂ ಇಲ್ಲ, ಅದು ಕಂಟ್ರೋಲ್ ಗ್ರೂಪ್. ವರ್ಷ ಕಳೆದ ಮೇಲೆ ನೋಡಿದರೆ ಸಂಗೀತ ಕಲಿತವರ ಐಕ್ಯು ಉಳಿದವರದ್ದಕ್ಕಿಂತ ಸ್ವಲ್ಪ ಹೆಚ್ಚು ಏರಿತ್ತು. ನಾಟಕದವರದ್ದು ಏನೂ ಕಲಿಯದವರಷ್ಟೇ. ಆದರೆ ಅಪ್ಪ ಅಮ್ಮಂದಿರು ತುಂಬಿಕೊಟ್ಟ ಪ್ರಶ್ನಾವಳಿಯ ಪ್ರಕಾರ, ಇತರರ ಜೊತೆ ಹೊಂದಿಕೊಂಡು ನಡೆಯೋ ವಿಷಯದಲ್ಲಿ ಸುಧಾರಿಸಿದ್ದು ನಾಟಕದ ಗುಂಪು ಮಾತ್ರ. ಒಂದೇ ಪ್ರಯೋಗ, ಅದೂ ದೂರದ ದೇಶದ್ದು, ಒಪ್ಪಿದೆವು. ಆದರೂ ನಾಟಕದಿಂದ ಮಾರ್ಕ್ಸ್ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬರೋದು ಬೇರೆ ಏನೋ.

ಆ ಬೇರೆ ಏನೋ ಬರಬೇಕಾದರೆ ನಾಟಕ ಹೇಗೆ ಮಾಡಿಸ್ತೀವಿ ಅನ್ನೋದು ಮುಖ್ಯ. ಸ್ಕೂಲ್ ಡೇ ನಾಟಕ ನಾವೆಲ್ಲ ಮಾಡಿದವರೇ. ಬೆಳ್ಳಗಿರುವವನು ಕೃಷ್ಣ, ಟೀಚರ್ ಮಗಳು ರಾಧೆ, ಉಳಿದ ನಲವತ್ತು ಜನ ಹಿಂದೆ ಗಿಡ ಹಿಡ್ಕೊಂಡು ನಿಂತಿರಬೇಕು. ಮಾತು ಮೊದಲೇ ರೆಕಾರ್ಡ್ ಆಗಿರುತ್ತೆ, ಮಕ್ಕಳು ತುಟಿ ಆಡಿಸಿದರೆ ಸಾಕು. ಅದರಲ್ಲಿ ಒಂದು ಮಗು ಇನ್ನೊಂದರ ಮಾತು ಕೇಳಿಸ್ಕೊಳ್ಳೋ ಅಗತ್ಯವೇ ಇಲ್ಲ. ಸ್ಪೀಕರ್ ಕೇಳಿಸಿಕೊಂಡರೆ ಆಯ್ತು.

ಊರಿನವರು ಸೇರಿ ಮಾಡಿಸುವ ನಾಟಕದ ಲೆಕ್ಕವೇ ಬೇರೆ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನೇ ತಗೊಳ್ಳಿ. ಬ್ರೌನಿಂಗ್ ಬರೆದ ಹ್ಯಾಮೆಲಿನ್ ಊರಿನ ಕಥೆಯನ್ನು ಕುವೆಂಪು ತುಂಗೆಯ ದಡಕ್ಕೆ ತಂದಿದ್ದು. ಮಕ್ಕಳ ರಂಗಭೂಮಿಗೆ ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ಇಲಿಗಳ ಪಾತ್ರಕ್ಕೆ ಎಷ್ಟು ಮಕ್ಕಳಿದ್ದರೂ ಸಾಲದು. ಕೊನೇ ದಿನ ಇಬ್ಬರು ಬಂದು ‘ಅಕ್ಕ, ನಾವೂ ಸೇರ್ಕೊಳ್ಳಲಾ’ ಅಂದರೆ ಎರಡು ಬಾಲ ಹೊಲಿದರೆ ಮುಗೀತು. ಹಾಗಂತ ಇಲಿಯಾಗೋದು ಸುಲಭ ಅಲ್ಲ. ಕಿಂದರಿ ನಿಂತ ಕ್ಷಣ ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಒಂದೇ ಒಂದು ಇಲಿ ಎರಡು ಹೆಜ್ಜೆ ಮುಂದೆ ಹೋದರೂ ನದಿಯ ದೃಶ್ಯ ಕೆಡುತ್ತೆ. ಹಾಗಾಗಿ ಆರು ವರ್ಷದ ಇಲಿ ಹನ್ನೆರಡು ವರ್ಷದ ಜೋಗಿಯ ಬೆರಳನ್ನೇ ನೋಡ್ತಾ ಇರಬೇಕು. ಮಾತು ಮರೆತ ಗೌಡನಿಗೆ ಪಕ್ಕದ ಇಲಿ ಪಿಸುಗುಟ್ಟಿ ನೆನಪಿಸಬೇಕು.

ಇನ್ನೊಂದು ತಮಾಷೆ ಇದೆ. ಆ ಕಥೆಯಲ್ಲಿ ಕೊಟ್ಟ ಮಾತಿಗೆ ತಪ್ಪುವವರು ದೊಡ್ಡವರು, ಮಕ್ಕಳಲ್ಲ. ಮಕ್ಕಳು ಆ ದೊಡ್ಡವರ ಮೀಸೆ ಅಂಟಿಸಿಕೊಂಡು ಮಾತಿಗೆ ತಪ್ಪುತ್ತಾರೆ, ಅವರ ಅಪ್ಪ ಅಮ್ಮ ಎದುರಲ್ಲಿ ಕುರ್ಚಿ ಹಾಕ್ಕೊಂಡು ನೋಡ್ತಾರೆ. ‘ಈ ಸಲ ಫಸ್ಟ್ ಬಂದರೆ ಸೈಕಲ್ ಕೊಡಿಸ್ತೀನಿ’ ಅಂದು ಮರೆತ ಅಪ್ಪಂದಿರು ಎರಡನೇ ಸಾಲಲ್ಲಿ ಹೇಗೆ ಕೂತಿರ್ತಾರೆ ಅನ್ನೋದನ್ನ ನೋಡೋಕಾದರೂ ಈ ನಾಟಕ ಮಾಡಿಸಬೇಕು.

ಇದೇನೂ ನಾವು ಹೊಸದಾಗಿ ಕಂಡುಹಿಡಿದಿದ್ದಲ್ಲ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ಅಡಿಕೆ ತೋಟದ ಜನ 1949ರಲ್ಲೇ ನೀನಾಸಂ ಕಟ್ಟಿದರು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತೆ. ವೈದೇಹಿಯವರು ಮಕ್ಕಳಿಗಾಗಿಯೇ ನಾಟಕಗಳನ್ನು ಬರೆದಿದ್ದಾರೆ. ರಂಗಾಯಣದ ಮೊದಲ ನಿರ್ದೇಶಕ ಬಿ.ವಿ. ಕಾರಂತರ ‘ಪಂಜರ ಶಾಲೆ’ಗೆ ಮೂಲ ಟಾಗೋರರ ಗಿಳಿಯ ಕಥೆ: ರಾಜನೊಬ್ಬ ಗಿಳಿಗೆ ವಿದ್ಯೆ ಕಲಿಸಿ ಅಂತ ಅಪ್ಪಣೆ ಕೊಡ್ತಾನೆ, ಪಂಡಿತರು ಚಿನ್ನದ ಪಂಜರ ಮಾಡಿಸಿ ಪುಸ್ತಕದ ಹಾಳೆಗಳನ್ನು ಅದರ ಬಾಯಿಗೆ ತುರುಕಿ ತುರುಕಿ ಗಿಳಿ ಸತ್ತೇ ಹೋಗುತ್ತೆ. (ಇಂಟರ್ನಲ್ಸ್ ವಾರದಲ್ಲಿ ಈ ಕಥೆ ಓದಬೇಡಿ.)

ನಮ್ಮದು ಕನ್ನಡ ಸಂಘ, ಹಾಗಾಗಿ ಭಾಷೆಯ ಮಾತು ಬಿಡೋ ಹಾಗಿಲ್ಲ. ಹೊಸ ಬ್ಲಾಕ್ ಕಟ್ಟುತ್ತಿರುವವರ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು ಕಡೆಯ ಮಕ್ಕಳಿದ್ದಾರೆ. ಕ್ವಾರ್ಟರ್ಸಿನಲ್ಲಿ ಮೇಷ್ಟ್ರುಗಳ ಮಕ್ಕಳಿದ್ದಾರೆ. ಮನೆಯಲ್ಲಿ ಕನ್ನಡ ಮಾತಾಡಿದರೂ ಓದಲು ಕಷ್ಟ ಪಡುವವರು ಅವರಲ್ಲಿದ್ದಾರೆ. ಮೆಸ್ಸಿನ ಅಣ್ಣಂದಿರ, ಸೆಕ್ಯೂರಿಟಿಯವರ ಮಕ್ಕಳಿದ್ದಾರೆ. ಇವರೆಲ್ಲ ಒಂದೇ ಕಾಂಪೌಂಡಿನ ಆಸುಪಾಸಿನವರು, ಆದರೆ ಒಟ್ಟಿಗೆ ಆಡಿದ್ದನ್ನು ನಾವಂತೂ ನೋಡಿಲ್ಲ. ಸಂಜೆ ಕ್ವಾರ್ಟರ್ಸಿನ ಮಕ್ಕಳು ಸೈಕಲ್ ಹೊಡೀತಾರೆ, ಶೆಡ್ಡಿನ ಮಕ್ಕಳು ಮರಳಿನ ರಾಶಿ ಮೇಲೆ ನಿಂತು ನೋಡ್ತಾರೆ. ನಾಟಕದಲ್ಲಾದರೆ ಶೆಡ್ಡಿನ ಹುಡುಗಿ ಗೌಡ್ತಿಯಾಗಿ ‘ಯಾಕ್ ಬಂದೀಯೋ ಇಲ್ಲಿ’ ಅಂತ ಗದರಿದರೆ ಕ್ವಾರ್ಟರ್ಸಿನ ಹುಡುಗ ಕೈಕಟ್ಟಿ ನಿಲ್ಲಬೇಕು. ನಮ್ಮದೊಂದು ಷರತ್ತು: ಯಾರ ಕನ್ನಡವನ್ನೂ ತಿದ್ದಬಾರದು. ‘ಶುದ್ಧವಾಗಿ ಹೇಳಮ್ಮ’ ಅಂದ ಕೂಡಲೇ ಆ ಹುಡುಗಿ ಬಾಯಿ ಮುಚ್ಚುತ್ತಾಳೆ, ಆಮೇಲೆ ಎಷ್ಟು ಬನ್ನು ಕೊಟ್ಟರೂ ತೆಗೆಯಲ್ಲ. ಸಂಭಾಷಣೆಯನ್ನು ಮಕ್ಕಳೇ ಅವರವರ ಮಾತಲ್ಲಿ ಹೇಳಲಿ. ಓದಲು ಬಾರದವರಿಗೆ ಸ್ಕ್ರಿಪ್ಟಿನ ಗೋಜೂ ಇರಲ್ಲ.

ಆಕ್ಷೇಪಗಳು ಗೊತ್ತಿವೆ. ಬೇಸಿಗೆ ರಜೆಯಲ್ಲಿ ಆಗಲ್ಲ, ಆಗ ನಮಗೆ ಇಂಟರ್ನಲ್ಸ್, ಲ್ಯಾಬ್ ಎಕ್ಸಾಂ. ಅದಕ್ಕೇ ದಸರಾ ರಜೆ ಅಂತಿರೋದು: ದಿನಕ್ಕೆ ಎರಡು ತಾಸು, ಇಪ್ಪತ್ತೈದು ಮಕ್ಕಳು, ರಾಜ್ಯೋತ್ಸವದ ವೇದಿಕೆಯಲ್ಲಿ ಅರ್ಧ ಗಂಟೆ. ಹಬ್ಬಕ್ಕೆ ಊರಿಗೆ ಹೋಗುವ ಕೂಲಿಯವರು ವಾಪಸ್ ಬರ್ತಾರೆ ಅಂತ ಏನು ಗ್ಯಾರಂಟಿ? ಗ್ಯಾರಂಟಿ ಇಲ್ಲ. ಅದಕ್ಕೂ ಇಲಿಗಳೇ ಉತ್ತರ. ನಾಲ್ಕು ಇಲಿ ಕಡಿಮೆಯಾದರೆ ನಾಟಕ ನಿಲ್ಲಲ್ಲ. ಗೌಡ, ಗೌಡ್ತಿ, ಜೋಗಿ ಪಾತ್ರಗಳನ್ನು ಇಬ್ಬಿಬ್ಬರಿಗೆ ಕಲಿಸೋದು. ‘ಮಕ್ಕಳ ನಾಟಕ ನೋಡೋಕೆ ಯಾರು ಬರ್ತಾರೆ’ ಅಂತ ಕೇಳಿದವರಿಗೆ: ಇಪ್ಪತ್ತೈದು ಮಕ್ಕಳಿಗೆ ಐವತ್ತು ಅಪ್ಪ ಅಮ್ಮ, ಮೇಲೆ ಅಜ್ಜಿ ತಾತಂದಿರು. ಕಳೆದ ಸಲದ ಕವಿಗೋಷ್ಠಿಗೆ ಎಷ್ಟು ಜನ ಇದ್ದರು ಅನ್ನೋದನ್ನ ಇಲ್ಲಿ ಬರೆಯೋದು ಬೇಡ.

ಹಗುರವಾಗಿ ತಗೊಳ್ಳಬಾರದ ವಿಷಯ ಅಂದರೆ ಜವಾಬ್ದಾರಿ. ಬೇರೆಯವರ ಮಕ್ಕಳನ್ನು ಕರೀತಿದ್ದೇವೆ. ಪೋಷಕರ ಒಪ್ಪಿಗೆ ಬೇಕು, ಯಾವಾಗಲೂ ಕನಿಷ್ಠ ಇಬ್ಬರು ದೊಡ್ಡವರು ಜೊತೆಗಿರಬೇಕು, ಕತ್ತಲಾಗುವ ಮುಂಚೆ ಪ್ರತಿ ಮಗು ಮನೆ ಸೇರಬೇಕು. ಮಕ್ಕಳ ಫೋಟೋ ರೀಲ್ಸಿಗೆ ಹೋಗಬಾರದು, ಸಂಘದ ಪೇಜಿಗೂ. ಇದಕ್ಕೆ ಒಪ್ಪದವರು ದಯವಿಟ್ಟು ಆರ್ಕೆಸ್ಟ್ರಾ ಕಡೆಗೇ ವೋಟ್ ಹಾಕಿ.

ಬರೋ ಶುಕ್ರವಾರ ಸಂಜೆ ಸಂಘದ ಮೀಟಿಂಗಿನಲ್ಲಿ ತೀರ್ಮಾನ. ಮೆಕ್ಯಾನಿಕಲ್‌ನವರು ಇಲಿ ಬಿಲಕ್ಕೆ ಹಳೇ ರಟ್ಟಿನ ಡಬ್ಬ ಕೊಡ್ತೀವಿ ಅಂದಿದ್ದಾರೆ, ಎಲೆಕ್ಟ್ರಿಕಲ್‌ನವರು ಎರಡು ಲೈಟು. ಹೊಲಿಗೆ ಬರುವವರು ಇನ್ನೂ ಯಾರೂ ಸಿಕ್ಕಿಲ್ಲ. ಬಾಲಗಳು ಇಪ್ಪತ್ತಾದರೂ ಬೇಕು.